ಎನ್315ಕ್ಕೆ ಪಿವಿಎಲ್ ಎಲ್ಲಿಂದ ಬಂತು?

ಕೊನೆಗೂ ಸಿಕ್ಕಿತು! ಎನ್315 ಎಂಬ ಬ್ಯಾಕ್ಟೀರಿಯಾ ತಳಿಯಲ್ಲಿ ಇರಬಾರದ ಪಿವಿಎಲ್ ಎಂಬ ವಿಷದ ಜೀನ್ ನನ್ನ ಹುಡುಕಾಟದಲ್ಲಿ ಯಾಕೆ ಕಾಣಿಸುತ್ತಿದೆ ಎಂದು ಮೂರು ವಾರ ತಲೆ ತಿಂದ ಗಂಟು ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಿಚ್ಚಿಕೊಂಡಿತು. ಹೊರಗೆ ಶಿರಸಿಯ ಮಳೆ. ಕರೆಂಟ್ ಸಂಜೆಯೇ ಹೋಗಿತ್ತು, ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್ ನಡೆಯುತ್ತಿತ್ತು.

ಕಳೆದ ಮಳೆಗಾಲದಲ್ಲಿ ತಂಗಿ ಮಗನಿಗೆ ಮೇಲಿಂದ ಮೇಲೆ ಕುರು ಎದ್ದಾಗ ಈ ಕೆಲಸ ಶುರುವಾಯಿತು. ಡಾಕ್ಟರು ಕೀವು ತೆಗೆದು ಲ್ಯಾಬಿಗೆ ಕಳಿಸಿದರು. ಸ್ಟ್ಯಾಫ್ ಆರಿಯಸ್ ಎಂದು ಬಂತು. ಹುಡುಗ ಈಗ ಆರಾಮಾಗಿದ್ದಾನೆ. ಆದರೆ ಇದೇ ಬ್ಯಾಕ್ಟೀರಿಯಾ ಎಷ್ಟೋ ಮಕ್ಕಳ ಮೂಗಿನಲ್ಲಿ ಸುಮ್ನೆ ಕೂತಿರುತ್ತದೆ, ಅಲ್ವಾ? ಕೆಲವರಲ್ಲಿ ಮಾತ್ರ ಹೀಗೆ ಯಾಕೆ ಕಾಡುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಾಗಾಗಿ ಮಕ್ಕಳ ಸೋಂಕಿನಿಂದ ತೆಗೆದದ್ದು ಎಂದು ನಮೂದಿಸಿದ ಸ್ಟ್ಯಾಫ್ ಆರಿಯಸ್ ತಳಿಗಳ 40 ಜೀನೋಮ್ (ತಳಿಯ ಡಿಎನ್‌ಎ ಬರಹ) ಇಳಿಸಿಕೊಂಡೆ. ಎಲ್ಲ ಕೆಲಸವೂ ಕಂಪ್ಯೂಟರಿನಲ್ಲೇ. ಮನೆಯಲ್ಲಿ ಕೀವು ಕಲ್ಚರ್ ಮಾಡುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಇವತ್ತೇ ಬಿಟ್ಟುಬಿಡಿ.

ಇಳಿಸುವುದು, ಹೆಸರು ಸರಿಮಾಡುವುದು, ಡೇಟಾಬೇಸ್ ಕಟ್ಟುವುದು ನಿಮಗೆಲ್ಲ ಗೊತ್ತೇ ಇದೆ. ನೇರ ಪಿವಿಎಲ್‌ಗೆ ಬರುತ್ತೇನೆ. 1932ರಲ್ಲಿ ಪ್ಯಾಂಟನ್ ಮತ್ತು ವ್ಯಾಲೆಂಟೈನ್ ವಿವರಿಸಿದ ಈ ವಿಷ ಎರಡು ತುಂಡಿನದು. ಲುಕ್‌ಎಸ್, ಲುಕ್‌ಎಫ್ ಎರಡೂ ಕೂಡಿ ನಮ್ಮ ಬಿಳಿ ರಕ್ತಕಣದ ಪೊರೆಗೆ ತೂತು ಹಾಕುತ್ತವೆ. ಕುರು ಮತ್ತು ಒಂದು ಬಗೆಯ ಭಯಂಕರ ನ್ಯುಮೋನಿಯಾ ಜೊತೆ ಇದರ ಹೆಸರು ಕೇಳಿಬರುತ್ತದೆ. ಇವೆರಡರ ಜೀನ್‌ಗಳೂ ಫೇಜ್ (ಬ್ಯಾಕ್ಟೀರಿಯಾದೊಳಗೆ ಹೊಕ್ಕುವ ವೈರಸ್) ಮೇಲೆ ಸವಾರಿ ಮಾಡಿ ಬರುತ್ತವೆ. ಫೇಜ್ ಹೊಕ್ಕರೆ ಉಂಟು, ಇಲ್ಲವಾದರೆ ಇಲ್ಲ.

ಆ 40ರಲ್ಲಿ ಈ ಜೀನ್‌ಗಳನ್ನು ಹುಡುಕಲು ಬ್ಲಾಸ್ಟ್ (ಡಿಎನ್‌ಎ ಸಾಲುಗಳನ್ನು ಹೋಲಿಸಿ ನೋಡುವ ಪ್ರೋಗ್ರಾಂ) ಹಿಡಿದೆ. ಅದರ ಮೆಗಾಬ್ಲಾಸ್ಟ್ ಬಗೆ ದೂರದ ಹೋಲಿಕೆ ಬಿಟ್ಟುಬಿಡುತ್ತದೆ ಎಂದು ಸಾದಾ ಬ್ಲಾಸ್ಟ್‌ಎನ್ ಓಡಿಸಿದೆ. ಹೋಲಿಕೆಯ ಕನಿಷ್ಠ ಮಿತಿಯನ್ನು ಶೇ 70ಕ್ಕೆ ಇಟ್ಟೆ. 40ಕ್ಕೆ 40 ಪಾಸಿಟಿವ್! ಮೊದಲ ದಿನ ಖುಷಿಯೋ ಖುಷಿ. ಮರುದಿನ ವಿಧಾನ ಸರಿಯಿದೆಯೇ ಎಂದು ನೋಡಲು ನೆಗೆಟಿವ್ ಕಂಟ್ರೋಲ್ ಆಗಿ ಎನ್315 ತಳಿ ಹಾಕಿದೆ. ಅದರಲ್ಲಿ ಪಿವಿಎಲ್ ಇಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅದೂ ಪಾಸಿಟಿವ್ ಬಂತು.

ಫೈಲ್ ಅದಲುಬದಲಾಯಿತೇ ಎಂದು ಮತ್ತೆ ಇಳಿಸಿದೆ. ಅದೇ ಉತ್ತರ. ಆಮೇಲೆ ಹೊಸ ನಿಯಮ ಹಾಕಿದೆ: ಎರಡು ಜೀನ್ ಅಕ್ಕಪಕ್ಕ ಇದ್ದರೆ ಮಾತ್ರ ಲೆಕ್ಕಕ್ಕೆ. ಎನ್315ದಲ್ಲಿ ಅವು ಅಕ್ಕಪಕ್ಕವೇ ಇದ್ದವು! ಎರಡು ವಾರ ಇಲ್ಲಿಯೇ ಸಿಕ್ಕಿಬಿದ್ದೆ.

ನಡುವೆ ರ‍್ಯಾಮ್ ಗೋಳು ಬೇರೆ. ರೀಡ್‌ಗಳಿಂದ (ಯಂತ್ರ ಓದಿದ ಡಿಎನ್‌ಎ ಚೂರುಗಳು) ನಾನೇ ಅಸೆಂಬ್ಲಿ ಮಾಡಿ, ಅಂದರೆ ಅವನ್ನು ಜೋಡಿಸಿ ನೋಡೋಣ ಎಂದು ಹುಬ್ಬಳ್ಳಿಯ ಒಂದು ಅಂಗಡಿಗೆ 16 ಜಿಬಿ ಹೇಳಿದ್ದೆ. ಲ್ಯಾಪ್‌ಟಾಪಿನದು ಎಂದು ಎರಡು ಸಲ ಬರೆದಿದ್ದೆ. ಬಂದದ್ದು ಡೆಸ್ಕ್‌ಟಾಪಿನ ಉದ್ದ ರ‍್ಯಾಮ್. ವಾಪಸ್ ಕಳಿಸುವ ಖರ್ಚೂ ನನ್ನದೇ ಅಂತೆ! ಅಪ್ಪ ಅಡಿಕೆಗೆ ಮದ್ದು ಹೊಡೆಸಲು ಮಳೆ ಬಿಡುವುದನ್ನು ಕಾಯುತ್ತಿದ್ದರು, ನಾನು ಕೊರಿಯರ್ ಕಾಯುತ್ತಿದ್ದೆ.

ನಿನ್ನೆ ಬೇರೆ ದಾರಿಯಿಲ್ಲದೆ ಪಾಸಿಟಿವ್ ಕಂಟ್ರೋಲ್, ಅಂದರೆ ಪಿವಿಎಲ್ ಇದೆ ಎಂದು ಗೊತ್ತಿರುವ ಎಂಡಬ್ಲ್ಯೂ2 ತಳಿಯ ಬ್ಲಾಸ್ಟ್ ಫಲಿತಾಂಶದ ಸಾಲುಗಳನ್ನು ಒಂದೊಂದಾಗಿ ಓದಿದೆ. ಈ ತಳಿಯ ಹಿಂದೆ ಒಂದು ಮಗು ಇದೆ. 1998ರಲ್ಲಿ ಅಮೆರಿಕದ ನಾರ್ತ್ ಡಕೋಟಾದಲ್ಲಿ ತೀರಿಹೋದ 16 ತಿಂಗಳ ಹೆಣ್ಣುಮಗು. ಆ ಫೈಲ್ ತೆರೆದಾಗಲೆಲ್ಲ ಅವಳ ನೆನಪಾಗುತ್ತದೆ. ಅವಸರ ಮಾಡಲು ಮನಸ್ಸು ಬರುವುದಿಲ್ಲ.

ಅಲ್ಲಿ ಕಂಡಿತು. ದುರ್ಬಲ ಹೋಲಿಕೆಗಳನ್ನು ಬಿಟ್ಟರೂ ಎಂಡಬ್ಲ್ಯೂ2ದಲ್ಲಿ ಜೋಡಿ ಎರಡು ಕಡೆ ಇದೆ. ಒಂದು ಫೇಜಿನೊಳಗೆ, ಹೆಚ್ಚುಕಮ್ಮಿ ಪೂರ್ತಿ ಹೊಂದಿಕೆ. ಇನ್ನೊಂದು ದೂರದಲ್ಲಿ, ಶೇ 70–80ರ ಆಸುಪಾಸು. ಎನ್315ದಲ್ಲಿ ಆ ಎರಡನೆಯದು ಮಾತ್ರ ಇದೆ. ಅದು ಪಿವಿಎಲ್ ಅಲ್ಲವೇ ಅಲ್ಲ, ಗಾಮಾ ಹೀಮೋಲೈಸಿನ್! ಎಚ್‌ಎಲ್‌ಜಿಸಿ, ಎಚ್‌ಎಲ್‌ಜಿಬಿ ಅದರ ಜೀನ್‌ಗಳು. ಒಂದೇ ಕುಟುಂಬದ ವಿಷ, ಅದೂ ಅಕ್ಕಪಕ್ಕ ಇರುವ ಜೋಡಿ, ಹೆಚ್ಚುಕಡಿಮೆ ಪ್ರತಿ ಸ್ಟ್ಯಾಫ್ ಆರಿಯಸ್‌ನಲ್ಲೂ ಇರುತ್ತದೆ. 40ಕ್ಕೆ 40 ಬಾರದೆ ಇನ್ನೇನು ಬರಬೇಕು!

ಈಗ ಹೋಲಿಕೆಯ ಮಿತಿ ಶೇ 95, ಹೊಂದಬೇಕಾದ ಉದ್ದ ಜೀನಿನ ಶೇ 90 ಇಟ್ಟಿದ್ದೇನೆ. ಜೊತೆಗೆ ಅಕ್ಕಪಕ್ಕದ ಜೀನ್‌ಗಳು ಫೇಜಿನವೇ ಎಂದು ಕಣ್ಣಾರೆ ನೋಡುತ್ತೇನೆ. ಎನ್315 ನೆಗೆಟಿವ್, ಎಂಡಬ್ಲ್ಯೂ2 ಪಾಸಿಟಿವ್. ಪಟ್ಟಿ ತುಂಬಾ ಸಣ್ಣದಾಯಿತು. ಕಾಂಟಿಗ್ (ಚೂರುಗಳನ್ನು ಜೋಡಿಸಿ ಸಿಕ್ಕ ಡಿಎನ್‌ಎ ತುಂಡು) ತುದಿಯಲ್ಲಿ ಅರ್ಧಕ್ಕೆ ತುಂಡಾದ ಜೀನ್ ಇದ್ದರೆ ಉದ್ದದ ಮಿತಿಯಲ್ಲಿ ಬಿದ್ದುಹೋಗುತ್ತದೆ. ಅವನ್ನು ಬೇರೆ ಗುರುತು ಹಾಕಿ ಇಟ್ಟಿದ್ದೇನೆ.

ಜೀನ್ ಸಿಕ್ಕಿದ ಕೂಡಲೇ ಕಾಯಿಲೆಗೆ ಅದೇ ಕಾರಣ ಎನ್ನಬೇಡಿ. ಪಿವಿಎಲ್ ಪಾತ್ರದ ಬಗ್ಗೆ ದೊಡ್ಡ ಚರ್ಚೆಯೇ ನಡೆದಿದೆ. ಮನುಷ್ಯರ ಮತ್ತು ಮೊಲದ ಬಿಳಿ ಕಣಗಳಿಗೆ ಅದು ಜೋರಾಗಿ ತಟ್ಟುತ್ತದೆ, ಇಲಿಯವಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಇಲಿಯ ಪ್ರಯೋಗ ನೋಡಿ ತೀರ್ಮಾನ ಹೇಳುವುದು ಕಷ್ಟ.

ಮುಂದಿನದು ಈಗಾಗಲೇ ತಲೆಯಲ್ಲಿ ಓಡುತ್ತಿದೆ: ಎಳೆ ಮಕ್ಕಳ ಚರ್ಮ ಸುಟ್ಟಂತೆ ಸುಲಿಯುವ ರೋಗದ ಇಟಿಎ, ಇಟಿಬಿ ವಿಷಗಳು. ಚರ್ಮದ ಕಣಗಳನ್ನು ಹಿಡಿದಿಡುವ ಡೆಸ್ಮೋಗ್ಲೀನ್ 1 ಎಂಬ ಪ್ರೋಟೀನನ್ನೇ ಅವು ಕತ್ತರಿಸುತ್ತವೆ. ಎಷ್ಟು ಕರಾರುವಾಕ್ಕಾದ ಕತ್ತರಿ ನೋಡಿ! ಇಟಿಎ ಫೇಜ್ ಮೇಲಿದೆ, ಇಟಿಬಿ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಬೇರೆ ಸಣ್ಣ ಡಿಎನ್‌ಎ ಉಂಗುರ) ಮೇಲೆ. ಅಸೆಂಬ್ಲಿಯಲ್ಲಿ ಪ್ಲಾಸ್ಮಿಡ್ ಚೂರುಚೂರಾಗಿದ್ದರೆ ರೀಡ್‌ಗಳಿಗೇ ಹೋಗಬೇಕು, ಅದಕ್ಕೆ ಆ ರ‍್ಯಾಮ್ ಬೇಕೇ ಬೇಕು. ಅಂಗಡಿಯವರು ಸೋಮವಾರ ಕಳಿಸುತ್ತೇವೆ ಎಂದಿದ್ದಾರೆ. ಈ ಸಲ ಲ್ಯಾಪ್‌ಟಾಪ್ ಸ್ಲಾಟಿನ ಫೋಟೋ ತೆಗೆದು ಕಳಿಸಿದ್ದೇನೆ.