ಒಂದೇ ಊರಿನ ದೊಡ್ಡ ಗಾಯಕ

ಮಂಗಳವಾರ, 5 ಮಾರ್ಚ್ 2024
ಕ್ಲೀವ್‌ಲ್ಯಾಂಡ್, ಒಹಾಯೊ

ಈ ಊರಿನ ರಾಕ್ ಗಾಯಕ ಮೈಕೆಲ್ ಸ್ಟ್ಯಾನ್ಲಿ ತೀರಿಕೊಂಡು ಇಂದಿಗೆ ಮೂರು ವರ್ಷ. ಸಂಜೆ ಕಾರಿನ ರೇಡಿಯೋದಲ್ಲಿ ಅವರ ಹಾಡು ಬಂತು. ಈ ಊರಿನ ರಾಕ್ ಸ್ಟೇಷನ್ನುಗಳಲ್ಲಿ ಅದೇನೂ ವಿಶೇಷವಲ್ಲ, ಆದರೆ ಇಲ್ಲಿಂದ ಐದಾರು ಗಂಟೆ ದೂರದ ಚಿಕಾಗೋದಲ್ಲಿ ಆ ಹೆಸರನ್ನು ಬಲ್ಲವರೇ ಅಪರೂಪ. 1982ರ ಆಗಸ್ಟಿನಲ್ಲಿ ಅವರ ಬ್ಯಾಂಡು ಇಲ್ಲಿನ ಬ್ಲಾಸಮ್ ಬಯಲು ರಂಗಮಂದಿರದಲ್ಲಿ ನಾಲ್ಕು ರಾತ್ರಿ ಹಾಡಿದಾಗ ಒಟ್ಟು 74,000ಕ್ಕೂ ಹೆಚ್ಚು ಜನ ಸೇರಿದ್ದರು; ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮಾತ್ರ ಅವರ ಒಂದು ಹಾಡೂ ಮೊದಲ ಮೂವತ್ತರೊಳಗೆ ಬರಲಿಲ್ಲ. ಡೆಟ್ರಾಯಿಟ್ಟಿನ ಬಾಬ್ ಸೀಗರ್ ಕೂಡ 1976ರಲ್ಲಿ ತವರಿನ ಕ್ರೀಡಾಂಗಣ ತುಂಬಿಸಿ, ಮರುರಾತ್ರಿ ಚಿಕಾಗೋದಲ್ಲಿ ಸಾವಿರ ಜನರೂ ಇಲ್ಲದ ಸಭೆಗೆ ಹಾಡಿದರಂತೆ. ಸೀಗರ್ ಆಮೇಲೆ ದೇಶಕ್ಕೆಲ್ಲ ಸಂದರು, ಸ್ಟ್ಯಾನ್ಲಿ ಊರಿಗೇ ಉಳಿದರು.

ಪಕ್ಕದ ಮನೆಯ ಹಿರಿಯರು ಬೇರೊಂದು ಊರಿನ ರೇಡಿಯೋಗೆ ಜಾಹೀರಾತು ಹಿಡಿದುಕೊಡುವ ಕೆಲಸ ಮಾಡಿ ನಿವೃತ್ತರಾದವರು. ಈ ಹಳಬರ ಮೇಲೆ ರೇಡಿಯೋದವರಿಗೆ ಇಷ್ಟೊಂದು ಮಮತೆ ಏಕೆ, ಒಳಗೊಳಗೇ ಯಾರಾದರೂ ಹಣ ಕೊಡುತ್ತಾರೆಯೆ ಎಂದು ಅವರನ್ನು ಬೇಲಿಯ ಬಳಿ ಕೇಳಿದೆ. ನಕ್ಕರು. "ಮೊದಲು ಇದ್ದದ್ದು ಮಮತೆಯೇ, ಈಗ ಇರುವುದು ಅದರ ಲೆಕ್ಕ" ಎಂದರು.

ಅವರು ವಿವರಿಸಿದ್ದು ಹೀಗೆ. ಎಪ್ಪತ್ತರ ದಶಕದಲ್ಲಿ ಯಾವ ಹಾಡಿನ ತಟ್ಟೆ ಹಾಕಬೇಕೆಂಬುದನ್ನು ಬಹುಮಟ್ಟಿಗೆ ಮೈಕಿನ ಮುಂದೆ ಕುಳಿತವರೇ ನಿರ್ಧರಿಸುತ್ತಿದ್ದರು. ಕ್ಲೀವ್‌ಲ್ಯಾಂಡಿನ ಡಬ್ಲ್ಯುಎಂಎಂಎಸ್ ಸ್ಟೇಷನ್ನಿನ ಕಿಡ್ ಲಿಯೋ ಎಂಬ ನಿರೂಪಕರು ಶುಕ್ರವಾರ ಸಂಜೆ ಜನ ಕೆಲಸ ಮುಗಿಸುವ ಹೊತ್ತಿಗೆ ಬ್ರೂಸ್ ಸ್ಪ್ರಿಂಗ್‌ಸ್ಟೀನರದೇ ಒಂದು ಹಾಡನ್ನು ತಪ್ಪದೆ ಹಾಕುತ್ತಿದ್ದರು. 1978ರ ಆಗಸ್ಟಿನಲ್ಲಿ ಸ್ಪ್ರಿಂಗ್‌ಸ್ಟೀನ್ ಇಲ್ಲಿನ ಅಗೋರಾ ಎಂಬ ಸಭಾಂಗಣದಲ್ಲಿ ನಡೆಸಿದ ಸಂಗೀತ ಕಛೇರಿಯನ್ನು ಅದೇ ಸ್ಟೇಷನ್ನು ನೇರ ಪ್ರಸಾರ ಮಾಡಿತು. ನ್ಯೂಜೆರ್ಸಿಯ ಆ ಗಾಯಕನನ್ನು ಈ ಊರು ಇಂದಿಗೂ ತನ್ನವನೆಂದೇ ತಿಳಿದಿದೆ.

ಆಮೇಲೆ ಪರೀಕ್ಷೆಗಳು ಬಂದವು. ನಿರ್ದಿಷ್ಟ ವಯಸ್ಸಿನ ಕೇಳುಗರನ್ನು ಸಣ್ಣದೊಂದು ಸಂಭಾವನೆ ಕೊಟ್ಟು ಹೋಟೆಲಿನ ಸಭಾಂಗಣದಲ್ಲಿ ಕೂರಿಸಿ, ನೂರಾರು ಹಾಡುಗಳ ಕೆಲವೇ ಸೆಕೆಂಡುಗಳ ತುಣುಕುಗಳನ್ನು ಒಂದರ ಹಿಂದೊಂದು ಕೇಳಿಸಿ, ಪ್ರತಿಯೊಂದಕ್ಕೂ ಅಂಕ ಹಾಕಿಸುತ್ತಾರೆ. ಅಷ್ಟರಲ್ಲಿ ಗುರುತು ಸಿಗದ ಹಾಡು ಎಷ್ಟೇ ಚೆನ್ನಾಗಿದ್ದರೂ ಬಿತ್ತು. ಸ್ಟ್ಯಾನ್ಲಿಯ ಹಾಡನ್ನು ಮೊದಲ ಸ್ವರದಲ್ಲೇ ಹಿಡಿಯುವವರು ಅದನ್ನು 1980ರಲ್ಲಿ ಇದೇ ಊರಿನ ರೇಡಿಯೋದಲ್ಲಿ ಕೇಳಿದವರು. ಅಂದರೆ ಪಾಠ ಹೇಳಿದವರೂ ಪ್ರಶ್ನೆಪತ್ರಿಕೆ ತೆಗೆದವರೂ ಒಬ್ಬರೇ. ಊರಿನಲ್ಲಿ ನಾವು ಆಕಾಶವಾಣಿಗೆ ಕೋರಿಕೆಯ ಪತ್ರ ಬರೆಯುತ್ತಿದ್ದಾಗಲೂ ಅದೇ ಆಕಾಶವಾಣಿಯಲ್ಲಿ ಕೇಳಿದ್ದ ಚಿತ್ರಗೀತೆಗಳನ್ನೇ ಅಲ್ಲವೆ ಕೇಳುತ್ತಿದ್ದುದು?

ನನಗೆ ಕಸಿವಿಸಿಯಾದದ್ದು ಇನ್ನೊಂದು ಮಾತಿಗೆ. ಮಮತೆ ಇರುವುದು ಹಿರಿಯ ಕಲಾವಿದರ ಮೇಲಲ್ಲ, ಅವರ ಹತ್ತಿಪ್ಪತ್ತು ಹಳೆಯ ಹಾಡುಗಳ ಮೇಲೆ ಮಾತ್ರ. ಅದೇ ಗಾಯಕ ಅರವತ್ತರಲ್ಲಿ ಹೊಸ ಆಲ್ಬಂ ತಂದರೆ ಅದರ ತುಣುಕು ಪರೀಕ್ಷೆಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಬದುಕಿರುವ ಮನುಷ್ಯನನ್ನು ಅವನ ಮೂವತ್ತನೆಯ ವಯಸ್ಸಿನಲ್ಲೇ ಕಟ್ಟಿಹಾಕುವುದು ಎಂತಹ ಗೌರವ? ಸ್ಟ್ಯಾನ್ಲಿಯಾದರೂ 1990ರಿಂದ ಸುಮಾರು ಮೂವತ್ತು ವರ್ಷ ಡಬ್ಲ್ಯುಎನ್‌ಸಿಎಕ್ಸ್ ಎಂಬ ಇಲ್ಲಿನ ಹಳೆಯ ರಾಕ್ ಸ್ಟೇಷನ್ನಿನಲ್ಲಿ ತಾವೇ ನಿರೂಪಕರಾಗಿ ಕುಳಿತು, ಮನೆಗೆ ಮರಳುವವರೊಂದಿಗೆ ಮಾತನಾಡುತ್ತ ಮುದುಕರಾದರು.

1996ರ ಅಮೆರಿಕದ ದೂರಸಂಪರ್ಕ ಕಾನೂನಿನ ನಂತರ ಒಂದೊಂದು ಕಂಪನಿಯೂ ನೂರಾರು ಸ್ಟೇಷನ್ನುಗಳನ್ನು ಕೊಳ್ಳಬಹುದಾಯಿತು, ಹಾಡಿನ ಪಟ್ಟಿಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆದವು. ಆದರೂ ಜಾಹೀರಾತು ಕೊಡುವ ಊರಿನ ಕಾರು ವ್ಯಾಪಾರಿಗೆ ಇದು ನಮ್ಮೂರಿನ ರೇಡಿಯೋ ಎಂದು ತೋರಿಸಬೇಕಲ್ಲ, ಅದಕ್ಕೆ ಊರಿನ ಒಂದೆರಡು ಹೆಸರುಗಳನ್ನು ಉಳಿಸಿಕೊಳ್ಳುತ್ತಾರೆ ಎಂಬುದು ಹಿರಿಯರ ಅಭಿಪ್ರಾಯ. ಜಾಹೀರಾತಿನವರಿಗೆ ಬೇಕಾದದ್ದು 25ರಿಂದ 54 ವರ್ಷದೊಳಗಿನ ಕಿವಿಗಳು ಎಂದೂ ಹೇಳಿದರು.

ಊಟವಾದ ಮೇಲೆ ಲೆಕ್ಕ ಹಾಕಿದೆ. 1980ರಲ್ಲಿ ಹದಿನೆಂಟಾಗಿದ್ದವರಿಗೆ ಈಗ ಅರವತ್ತೆರಡು. ಆ ಲೆಕ್ಕದಂತೆ ಸ್ಟ್ಯಾನ್ಲಿ ಪಟ್ಟಿಯಿಂದ ಬಿದ್ದುಹೋಗಬೇಕಿತ್ತು, ಬಿದ್ದಿಲ್ಲ. ಬಹುಶಃ ಈಗ ಅಂಕ ಹಾಕುತ್ತಿರುವವರು ಆ ಹಾಡನ್ನು ಚಿಕ್ಕಂದಿನಲ್ಲಿ ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಕೇಳಿದವರು. ಆದರೆ ಅಪ್ಪನ ಕಾರಿನಲ್ಲಿ ಹಾಡು ಆರಿಸುತ್ತಿದ್ದುದೂ ಇದೇ ರೇಡಿಯೋ ಅಲ್ಲವೆ, ಹಾಗಿದ್ದ ಮೇಲೆ ಆ ಮಕ್ಕಳ ಅಂಕವನ್ನು ಯಾರದೆಂದು ಹೇಳುವುದು?