ಭಾರ ಯಾವ ಕಾಲಿನ ಮೇಲಿದೆ?

ಚಿತ್ರಕಲಾ ಕಾಲೇಜಿಗೆ ಸೇರಿದ ಮೊದಲ ವಾರವೇ ಮೇಷ್ಟ್ರು ನನ್ನ ರಬ್ಬರ್ ತೆಗೆದುಕೊಂಡು ತಮ್ಮ ಮೇಜಿನ ಡ್ರಾಯರ್‌ನಲ್ಲಿ ಇಟ್ಟುಬಿಟ್ಟರು. "ಸದ್ಯಕ್ಕೆ ಇದು ಬೇಡಮ್ಮ" ಅಂದರು.

ಆಮೇಲೆ ಒಂದು ನಿಮಿಷದ ಸ್ಕೆಚ್‌ಗಳು ಶುರುವಾದವು. ನಡುವೆ ಮಾಡೆಲ್, ಸುತ್ತ ನಾವು. ನಿಮಿಷಕ್ಕೊಂದು ಭಂಗಿ. ಕಣ್ಣು, ಮೂಗು, ಬೆರಳು ಬರೆಯಲು ಪುರುಸೊತ್ತೇ ಇಲ್ಲ. 4ಬಿ ಪೆನ್ಸಿಲ್ಲಿನ ಮೊನೆಯನ್ನು ಉದ್ದಕ್ಕೆ ಹೆರೆದು, ಮಲಗಿಸಿ ಹಿಡಿದು, ಇಡೀ ತೋಳಿನಿಂದ ಗೆರೆ ಎಳೆಯಬೇಕು. ಮೇಷ್ಟ್ರು ಹಿಂದೆ ಬಂದು ನಿಂತರೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಭಾರ ಯಾವ ಕಾಲಿನ ಮೇಲಿದೆ?"

ಮೊದಮೊದಲು ನನಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಎರಡು ಕಾಲಿನ ಮೇಲೆ ತಾನೇ ನಿಲ್ಲೋದು? ಆದರೆ ಗಮನಿಸಿ ನೋಡಿ, ಎರಡರ ಮೇಲೂ ಸಮವಾಗಿ ಭಾರ ಹಾಕಿ ನಿಲ್ಲುವವರು ತೀರಾ ಕಡಿಮೆ. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ, ಅದೇ ಕಡೆಯ ಹೆಗಲು ಕೆಳಗಿಳಿಯುತ್ತದೆ. ಕತ್ತಿನ ಗುಳಿಯಿಂದ ನೇರ ಕೆಳಗೆ ಒಂದು ದಾರ ಬಿಟ್ಟರೆ ಅದು ಆ ಪಾದದ ಹತ್ತಿರವೇ ಬೀಳುತ್ತದೆ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡ್ತಾರಲ್ಲ, ಹಾಗೆ ನಾವೂ ದಾರಕ್ಕೆ ಮೊಳೆ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆವು. ಈ ದಾರ ತಪ್ಪಿದರೆ ಚಿತ್ರದ ಮನುಷ್ಯ ಬೀಳುವ ಹಾಗೆ ಕಾಣುತ್ತಾನೆ. ಮುಖ ಎಷ್ಟೇ ಚೆನ್ನಾಗಿ ಬಂದಿರಲಿ.

ಅಳತೆಯ ಪಾಠವೂ ಇತ್ತು. ಪಾಶ್ಚಾತ್ಯ ಪುಸ್ತಕಗಳಲ್ಲಿ ನಿಂತ ಮನುಷ್ಯ ಸುಮಾರು 7.5 ತಲೆಯಷ್ಟು ಎತ್ತರ. ನಮ್ಮ ಶಿಲ್ಪಿಗಳ ಲೆಕ್ಕ ತಾಳದ್ದು. ಒಂದು ಮುಖದ ಉದ್ದ ಒಂದು ತಾಳ, ಅಂದರೆ 12 ಅಂಗುಲ. ನವತಾಳದ ಮೂರ್ತಿಗೆ 108 ಅಂಗುಲ. ಇದನ್ನು ನಾನು ಬಾಯಿಪಾಠ ಮಾಡಿದ್ದೆ. ನಿಜವಾಗಿ ತಲೆಗೆ ಹೋಗಿದ್ದು ಬೇಲೂರಿನಲ್ಲಿ. 1117ರ ಆ ಚೆನ್ನಕೇಶವ ದೇವಸ್ಥಾನದ ಮದನಿಕೆಯರನ್ನು ಕತ್ತೆತ್ತಿ ನೋಡುತ್ತಾ ಇಡೀ ದಿನ ಪೆನ್ಸಿಲ್‌ನಲ್ಲಿ ಬರೆದೆವು. ಕತ್ತು ನೋಯುತ್ತಿತ್ತು. ಅಲ್ಲೂ ಮೇಷ್ಟ್ರದ್ದು ಅದೇ ಪ್ರಶ್ನೆ. ಅಷ್ಟೊಂದು ಒಡವೆ, ಬಳ್ಳಿ, ಕುಸುರಿಯ ನಡುವೆಯೂ ಉತ್ತರ ಸಿಕ್ಕಿಬಿಡುತ್ತಿತ್ತು. ಕತ್ತು, ಸೊಂಟ, ಮಂಡಿ ಮೂರೂ ಕಡೆ ಬಾಗಿ ನಿಲ್ಲುವ ತ್ರಿಭಂಗ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಆವತ್ತೇ.

ಎರಡನೇ ವರ್ಷ ಇದ್ದಿಲು ಬಂತು. ಅಂಗಡಿಯ ಚಾರ್ಕೋಲ್ ದುಬಾರಿ. ಹುಣಸೆ ಕಡ್ಡಿಗಳನ್ನು ತಗಡಿನ ಡಬ್ಬಿಗೆ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಮಾಡಿ, ಕೆಂಡದಲ್ಲಿ ಇಡುತ್ತಿದ್ದೆವು. ಗಾಳಿ ಸಿಕ್ಕರೆ ಬೂದಿ, ಸಿಗದಿದ್ದರೆ ಇದ್ದಿಲು. ತೂತಿನಿಂದ ಹೊಗೆ ನಿಂತ ಮೇಲೆ ಪೂರ್ತಿ ಆರುವವರೆಗೂ ಡಬ್ಬಿ ತೆಗೆಯಬಾರದು. ಇದ್ದಿಲನ್ನು ಹಾಳೆಯ ಮೇಲೆಲ್ಲ ಸವರಿ, ಹಳೇ ಪಂಚೆಯ ತುಂಡಿನಿಂದ ಉಜ್ಜಿದರೆ ಮೋಡ ಕವಿದ ಹಾಗೆ ಬೂದು ಬಣ್ಣ. ಆಗ ಮೇಷ್ಟ್ರು ರಬ್ಬರ್ ವಾಪಸ್ ಕೊಟ್ಟರು. "ಅಳಿಸೋಕಲ್ಲ, ಬೆಳಕು ಬರೆಯೋಕೆ" ಅಂದರು. ಆ ಬೂದಿನಿಂದ ಒಂದು ಹೆಗಲು, ಒಂದು ಮೊಣಕಾಲು ಬಿಳಿಯಾಗಿ ಎದ್ದು ಬರುವುದನ್ನು ನೋಡುವ ಖುಷಿಯೇ ಬೇರೆ. ಪೆನ್ಸಿಲ್‌ನಲ್ಲಿ ಅದು ನನಗೆ ಎಂದೂ ಸಿಕ್ಕಿಲ್ಲ.

ಆ ವರ್ಷ ನಮಗೆ ನಿಲ್ಲುತ್ತಿದ್ದವರು ಒಬ್ಬ ತಾತ. ಮೈಸೂರಿನ ಸಂತೇಪೇಟೆಯಲ್ಲಿ ಮೂಟೆ ಹೊರುವ ಕೆಲಸ ಮಾಡಿ ಬಿಟ್ಟವರು. ಬನಿಯನ್, ಮೇಲೆ ಕಟ್ಟಿದ ಪಂಚೆ. 20 ನಿಮಿಷ ನಿಂತರೆ 5 ನಿಮಿಷ ಬಿಡುವು. ಮತ್ತೆ ಅದೇ ಜಾಗಕ್ಕೆ ಬರಲಿ ಅಂತ ಪಾದದ ಸುತ್ತ ಸೀಮೆಸುಣ್ಣದ ಗುರುತು. ಮೂರು ದಿನ ಅದೇ ಭಂಗಿ. ಎರಡನೇ ದಿನ ನನಗೆ ಒಂದು ವಿಷಯ ಕಂಡಿತು. ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಭಾರವೆಲ್ಲ ಎಡಗಾಲಿನ ಮೇಲೆ, ಎಡ ಸೊಂಟ ಒತ್ತಿ ಮೇಲೆದ್ದಿತ್ತು. ಕಂಡ ಹಾಗೇ ಬರೆದೆ. ಹಿಮ್ಮಡಿಯ ಕೆಳಗೆ ಒಂದು ಸಣ್ಣ ಬಿಳಿ ಜಾಗ ಬಿಟ್ಟೆ.

ಮೂರನೇ ದಿನ ಬಿಡುವಿನಲ್ಲಿ ತಾತ ಟೀ ಲೋಟ ಹಿಡಿದು ಎಲ್ಲರ ಹಲಗೆ ನೋಡುತ್ತಾ ಬಂದರು. ನನ್ನ ಹತ್ತಿರ ನಿಂತರು. ತುಂಬಾ ಹೊತ್ತು ನೋಡಿದರು.

"ಈ ಮಂಡಿ ನೋಯ್ತದೆ ಅಂತ ನಿಂಗ್ಯಾರವ್ವ ಹೇಳಿದ್ದು?"

"ಯಾರೂ ಹೇಳ್ಲಿಲ್ಲ ತಾತ. ನೀವು ನಿಂತಿದ್ದೇ ಹಾಗೆ."

ಮೇಷ್ಟ್ರು ಹಿಂದೆ ನಿಂತು ಕೇಳಿಸಿಕೊಂಡಿದ್ದರು. ಆವತ್ತು ಅವರು ನನ್ನನ್ನು ಏನೂ ಕೇಳಲಿಲ್ಲ. ತಾವೇ ಹೋಗಿ ಒಂದು ಕುರ್ಚಿ ತಂದು, ಸೀಮೆಸುಣ್ಣದ ಗುರುತಿನ ಮೇಲೆ ಇಟ್ಟರು. ಅಲ್ಲಿಂದ ಮುಂದೆ ತಾತನದು ಯಾವಾಗಲೂ ಕುಳಿತ ಭಂಗಿ. ಕುಳಿತವರ ಭಾರ ಎಲ್ಲಿದೆ ಅಂತ ಕಂಡುಹಿಡಿಯಲು ನನಗೆ ಮತ್ತೊಂದು ವರ್ಷ ಹಿಡಿಯಿತು.