ಗೇರುಮರದಡಿ ತುಂಬಿಸಿದ ಫಾರಂಗಳು

ಭೂಗೋಳದ ಮಾಷ್ಟ್ರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನಾನು ಬೆಂಗಳೂರಿನಲ್ಲಿ ಒಂದು ಪ್ರಾಜೆಕ್ಟಿನ ಬಜೆಟ್ ಕೂಡಿಸುತ್ತಿದ್ದೆ. ಅವರು ಮಾಡಿದ ಪಾಠ ಒಂದೂ ನೆನಪಿಲ್ಲ. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಕ್ಕೆ ಕೊರೆದ ಸುರಂಗಗಳ ಸರ್ವೆ ಮಾತ್ರ ಮರೆತಿಲ್ಲ.

ಒಂಬತ್ತನೇ ಕ್ಲಾಸು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಗುಡ್ಡದ 20 ಮನೆಗಳಿಗೆ ಹೋಗಿ ಸುರಂಗ ಎಷ್ಟು ಕೋಲು (ನಮ್ಮ ಕಡೆಯ ಉದ್ದದ ಅಳತೆ), ನೀರು ಯಾವ ತಿಂಗಳವರೆಗೆ ಬರುತ್ತದೆ ಅಂತ ಕೇಳಿ ಬರೆಯಬೇಕಿತ್ತು. ನಾವು ಮೂವರು ಎರಡು ಮನೆ ಮುಗಿಸಿ ಗೇರುಮರದ ಕೆಳಗೆ ಕೂತೆವು. ಉಳಿದ 18 ಮನೆಗಳನ್ನು ಗೇರುಹಣ್ಣು ಚೀಪುತ್ತಾ ಅಲ್ಲೇ ತುಂಬಿಸಿದೆವು.

ಮಾಷ್ಟ್ರು ಕನ್ನಡಕ ಏರಿಸಿ ಒಂದು ಹಾಳೆ ಎತ್ತಿದರು. “ಇಲ್ಲಿ ಸುರಂಗ 40 ಕೋಲು ಅಂತ ಬರೆದಿದ್ದೀಯಲ್ಲ, ಇದು ನನ್ನ ಅಕ್ಕನ ಮನೆ ಮಾರಾಯ. ಅಲ್ಲಿರುವುದು ಬಾವಿ.”

ಬೆತ್ತ ಮುಟ್ಟಲಿಲ್ಲ. ಶನಿವಾರ ತಾವೇ ಕರೆದುಕೊಂಡು ಹೋದರು. ಮುರಕಲ್ಲು ಕೊರೆದ ಕತ್ತಲಲ್ಲಿ ಬಗ್ಗಿ ನಡೆದು, ನೆತ್ತಿಗೆ ಹನಿ ಬೀಳುತ್ತಿದ್ದಂತೆ ಹಗ್ಗ ಹಿಡಿದು ಅಳೆದೆವು.

ಈಗ ನನ್ನ ಹೊಟ್ಟೆಪಾಡೇ ಸರ್ವೆ. ಊರು, ಪೇಟೆ, ಜಿಲ್ಲೆಗಳ ಅಭಿವೃದ್ಧಿ ಅಧ್ಯಯನ ಮಾಡುವ ಸಣ್ಣ ಸಂಸ್ಥೆ ನಮ್ಮದು. ಹಳೆ ವಿದ್ಯಾರ್ಥಿಗಳ ಕೂಟದಲ್ಲಿ ಮಾಷ್ಟ್ರು ಕೇಳಿದರು, “ಅಲ್ಲ, ನಿಮಗೆ ಸಂಬಳ ಕೊಡುವುದು ಯಾರು?”

ಹೇಳಿದೆ. 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಬೆಂಗಳೂರಿನ ಐಸೆಕ್, ತಿರುವನಂತಪುರದ ಸಿ.ಡಿ.ಎಸ್. ಇಂಥ ದೊಡ್ಡ ಸಂಶೋಧನಾ ಸಂಸ್ಥೆಗಳಿಗೆ ದೆಹಲಿಯ ಐ.ಸಿ.ಎಸ್.ಎಸ್.ಆರ್. ಎಂಬ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಒಂದು ಪಾಲು, ರಾಜ್ಯ ಸರಕಾರ ಒಂದು ಪಾಲು ಅನುದಾನ ಕೊಡುತ್ತವೆ. ನಮಗೆ ಅದಿಲ್ಲ, ಪ್ರಾಜೆಕ್ಟೇ ಗತಿ. ಯಾವುದೋ ಇಲಾಖೆಗೆ ತನ್ನ ಯೋಜನೆ ಜನರಿಗೆ ಮುಟ್ಟಿತಾ ಅಂತ ತಿಳಿಯಬೇಕಿರುತ್ತದೆ, ನಾವು ಅರ್ಜಿ ಹಾಕುತ್ತೇವೆ. ಸಹಿ ಬಿದ್ದಾಗ ಮೊದಲ ಕಂತು, ವರದಿ ಒಪ್ಪಿದ ಮೇಲೆ ಕೊನೆಯದು. ಅದರಲ್ಲೇ ಓವರ್‌ಹೆಡ್ ಅಂತ ಒಂದಿಷ್ಟು ಹಿಡಿದರೆ ಕರೆಂಟು ಬಿಲ್ಲು, ಬಾಡಿಗೆ. ಮನೆಮನೆ ಸುತ್ತುವ ಹುಡುಗರೆಲ್ಲ ಪ್ರಾಜೆಕ್ಟ್ ಮುಗಿಯುವವರೆಗಿನ ಗುತ್ತಿಗೆಯವರು.

“ಅವರ ಯೋಜನೆ ಹಾಳಾಗಿದೆ ಅಂತ ನೀನು ಬರೆದರೆ ಆ ಕೊನೆಯ ಕಂತು?”

“ಬರುತ್ತದೆ ಮಾಷ್ಟ್ರೇ, ತಡವಾಗಿ.” ನಾನು ನಕ್ಕೆ. ಅವರು ನಗಲಿಲ್ಲ.

ಈಗಿನ ಮಕ್ಕಳ ಪ್ರಾಜೆಕ್ಟು ಅಂಗಡಿಯಲ್ಲಿ ಪ್ರಿಂಟಾಗಿ ಬೈಂಡಾಗಿ ಬರುತ್ತದೆ. ಅದನ್ನು ಆಡಿಕೊಳ್ಳಲು ನನಗೆ ಮುಖವಿಲ್ಲ, ಅಲ್ವಾ? ಆದರೂ ನಾವು ಸುಳ್ಳನ್ನಾದರೂ ಸ್ವಂತ ಕೈಯಲ್ಲಿ ಬರೆದವರು! ಇವತ್ತು ನನ್ನ ಹೆಸರಿನ 14 ವರದಿಗಳಿವೆ. ಸ್ವಲ್ಪ ಜಂಬ ಜಾಸ್ತಿಯಾಯಿತೇನೋ, ಇರಲಿ.

ಫೀಲ್ಡಿನಿಂದ ಫಾರಂ ಬಂದರೆ ಮೊದಲು ನೋಡುವುದು ನಾನೇ. ಹಾಳೆಯಲ್ಲಿ ಮಡಿಕೆ ಇಲ್ಲ, ಬೆವರಿನ ಕಲೆ ಇಲ್ಲ, ಎಲ್ಲ ಮನೆಗೂ 10, 20, 40 ಅಂತ ದುಂಡು ಲೆಕ್ಕ. ಅಂಥದ್ದು ಕಂಡರೆ ಹುಡುಗರನ್ನು ಕೂರಿಸಿ, “ಯಾವ ಮರದ ಕೆಳಗೆ ಕೂತಿದ್ದಿರಿ?” ಅಂತ ಕೇಳುತ್ತೇನೆ.